ಬೋಲ್ಟ್ ಮುಸಫ್ಫಾದಲ್ಲಿ, ಕೀ ಕಾರ್ಕಳದಲ್ಲಿ

ಕಳೆದ ತಿಂಗಳು ಬ್ಯಾಟರಿ ಬಗ್ಗೆ ಬರೆದ ಮೇಲೆ ಮೂರ್ನಾಲ್ಕು ಜನ ಫೋನ್ ಮಾಡಿ, ಮುಂದಿನ ಸಲ ಎಸಿ ಬಗ್ಗೆ ಬರೆಯಿರಿ ಅಂದಿದ್ದಿರಿ. ಬರೆಯುವವನೇ ಇದ್ದೆ. ಅಷ್ಟರಲ್ಲಿ ಬೈಂದೂರು ಕಡೆಯ ನಮ್ಮ ಒಬ್ಬ ಹುಡುಗನಿಗೆ ಆದ ಫಜೀತಿ ನೋಡಿ, ಎಸಿ ಒಂದು ತಿಂಗಳು ಕಾಯಲಿ, ಇದು ಮೊದಲು ಅನಿಸಿತು. ಹಳೇ ಗಾಡಿ ಇಟ್ಟುಕೊಂಡವರು, ತೆಗೆದುಕೊಳ್ಳಬೇಕು ಅಂತ ಇರುವವರು ಓದಿ. ಗಾಡಿ ಇಲ್ಲದವರು ನಿಮ್ಮ ರೂಮಿನಲ್ಲಿ ಗಾಡಿ ಇರುವವನಿಗೆ ಓದಿ ಹೇಳಿ. ಏರ್‌ಪೋರ್ಟಿಗೆ ಬಿಡು ಅಂತ ನೀವು ಕೇಳುವುದು ಅವನನ್ನೇ ತಾನೆ?

ಹುಡುಗ ಇರುವುದು ಮುಸಫ್ಫಾದಲ್ಲಿ. ಗಾಡಿ 2011ರ ಫೋಕ್ಸ್‌ವ್ಯಾಗನ್ ಪಸಾಟ್. ಎಕ್ಸಿಟ್ ಹಾಕಿ ಊರಿಗೆ ಹೋದ ಕಾರ್ಕಳದ ಒಬ್ಬರಿಂದ ತೆಗೆದುಕೊಂಡದ್ದು. ಒಳ್ಳೆ ಗಾಡಿಯೇ, ಕಾರ್ಕಳದವರು ಜೋಪಾನವಾಗಿ ಇಟ್ಟಿದ್ದರು. ಜುಲೈ ತಿಂಗಳ ಒಂದು ಮಧ್ಯಾಹ್ನ ರೂಮ್‌ಮೇಟ್‌ನನ್ನು ಕೂರಿಸಿಕೊಂಡು ದುಬೈ ಏರ್‌ಪೋರ್ಟಿಗೆ ಹೊರಟಿದ್ದಾನೆ. ಅವನಿಗೆ ಸಂಜೆ ಮಂಗಳೂರಿನ ವಿಮಾನ, ಮೂರು ವರ್ಷದ ನಂತರ ಊರಿಗೆ. ಘಂತೂತ್ ಹತ್ತಿರ ಇ11 ರಸ್ತೆಯಲ್ಲಿ ಹಿಂದಿನ ಬಲಗಡೆ ಟೈರ್ ಹೋಯಿತು.

ಸ್ಟೆಪ್ನಿ ಇತ್ತು, ಗಾಳಿಯೂ ಇತ್ತು. ಜಾಕ್ ಇತ್ತು. ವೀಲ್ ಪಾನಾ ಇತ್ತು. ಊರಲ್ಲಿ ಲಾರಿ ಕ್ಲೀನರ್ ಆಗಿದ್ದ ಹುಡುಗ, ಟೈರ್ ಬದಲಾಯಿಸುವುದು ಅವನಿಗೆ ಹೇಳಿಕೊಡಬೇಕಿಲ್ಲ. ನಾಲ್ಕು ಬೋಲ್ಟ್ ಸಡಿಲ ಮಾಡಿದ. ಐದನೆಯದಕ್ಕೆ ಪಾನಾ ಕೂರುವುದೇ ಇಲ್ಲ. ಆಗ ನನಗೆ ಫೋನ್.

"ಅಣ್ಣ, ಒಂದು ಬೋಲ್ಟಿನ ತಲೆ ಸವೆದು ಹೋಗಿದೆ. ಆರು ಮೂಲೆ ಇಲ್ಲ. ಗುಂಡಗೆ ಉಂಟು, ಒಳಗೆ ಏನೋ ಹೂವಿನ ಹಾಗೆ."

"ಸವೆದದ್ದಲ್ಲ ಮಾರಾಯ, ಅದು ಇರುವುದೇ ಹಾಗೆ. ಅದಕ್ಕೆ ಬೇರೆ ಕೀ ಇದೆ. ಡಿಕ್ಕಿಯಲ್ಲಿ ಹುಡುಕು."

ಡಿಕ್ಕಿ ಹುಡುಕಿದ. ಡ್ಯಾಶ್‌ಬೋರ್ಡ್ ಹುಡುಕಿದ. ಸೀಟಿನಡಿ ಹುಡುಕಿದ. ಇಲ್ಲ. ಈ ದೇಶದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಬಿಸಿಲಲ್ಲಿ ದುಡಿಯುವವರಿಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಡುವು ಕೊಡಲೇಬೇಕು ಅಂತ ನಿಯಮ ಇದೆ. ಪಂಚರಿಗೆ ಆ ನಿಯಮ ಗೊತ್ತಿಲ್ಲ. ನಾನು ಹೇಳಿದ್ದು ಇಷ್ಟೆ: ತ್ರಿಕೋನ ಹಿಂದೆ ಇಡು, ಹಜಾರ್ಡ್ ಲೈಟ್ ಹಾಕು, ಇಬ್ಬರೂ ಗಾಡಿಯೊಳಗೆ ಕೂರಬೇಡಿ, ಕಬ್ಬಿಣದ ತಡೆಯ ಆಚೆ ಹೋಗಿ ನಿಲ್ಲಿ, ಅವನನ್ನು ಮೊದಲು ಟ್ಯಾಕ್ಸಿ ಹತ್ತಿಸು. ರೂಮ್‌ಮೇಟ್ ಸೂಟ್‌ಕೇಸು, ಕಂಬಳಿ ಕಟ್ಟು, ಟೇಪು ಸುತ್ತಿದ ರಟ್ಟಿನ ಡಬ್ಬಿ ಎಲ್ಲ ಹೊತ್ತುಕೊಂಡು ಟ್ಯಾಕ್ಸಿಯಲ್ಲಿ ಹೋಗಿ, ಕೌಂಟರ್ ಮುಚ್ಚುವ ಹೊತ್ತಿಗೆ ಮುಟ್ಟಿದನಂತೆ. ಹುಡುಗ ರಿಕವರಿ ಗಾಡಿಗೆ ಕಾಯುತ್ತಾ ಒಬ್ಬನೇ ಉಳಿದ.

ಈಗ ಆ ಬೋಲ್ಟಿನ ವಿಷಯಕ್ಕೆ ಬರೋಣ. ಅಲಾಯ್ ರಿಮ್‌ಗೆ ಬೆಲೆ ಜಾಸ್ತಿ. ರಾತ್ರಿ ಯಾರಾದರೂ ಜಾಕ್ ಕೊಟ್ಟು ನಾಲ್ಕೂ ಬಿಚ್ಚಿಕೊಂಡು ಹೋಗಬಾರದು ಅಂತ, ಪ್ರತಿ ವೀಲಿಗೆ ಒಂದೊಂದು ಬೋಲ್ಟ್ ಬೇರೆ ತರಹದ್ದು ಹಾಕುತ್ತಾರೆ. ಮಾಮೂಲಿ ಪಾನಾ ಅದಕ್ಕೆ ಹಿಡಿಯುವುದಿಲ್ಲ. ಅದರ ಗೀರಿಗೆ ಸರಿಯಾಗಿ ಕೂರುವ ಒಂದು ಸಣ್ಣ ಉಕ್ಕಿನ ತುಂಡು ಇರುತ್ತದೆ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಒಂದು ತುದಿ ಬೋಲ್ಟಿನೊಳಗೆ, ಇನ್ನೊಂದು ತುದಿಗೆ ಮಾಮೂಲಿ ಪಾನಾ. ಇದನ್ನೇ ಕೀ ಅನ್ನುವುದು. ನಾಲ್ಕೂ ವೀಲಿಗೆ ಒಂದೇ ಕೀ. ಅದು ಇದ್ದರೆ ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ ಗಾಡಿಯ ಯಜಮಾನನೂ ಕಳ್ಳನೂ ಒಂದೇ, ಇಬ್ಬರಿಗೂ ರಿಮ್ ಸಿಗುವುದಿಲ್ಲ.

ಫೋಕ್ಸ್‌ವ್ಯಾಗನ್, ಆಡಿ, ಬಿಎಂಡಬ್ಲ್ಯು, ಮರ್ಸಿಡಿಸ್ ಇಂಥ ಗಾಡಿಗಳಲ್ಲಿ ಬೋಲ್ಟ್ ಹೊರಗಿಂದ ಒಳಕ್ಕೆ ಹೋಗುತ್ತದೆ. ಟೊಯೊಟಾ, ನಿಸಾನ್, ಹೋಂಡಾ, ಮಿತ್ಸುಬಿಶಿಗಳಲ್ಲಿ ಹಬ್ಬಿನಿಂದಲೇ ಕಡ್ಡಿ ಹೊರಗೆ ಬಂದಿರುತ್ತದೆ, ಮೇಲೆ ನಟ್. ನಮ್ಮವರ ಹತ್ತಿರ ಜಾಸ್ತಿ ಇರುವುದು ಸನ್ನಿ, ಕೊರೊಲ್ಲಾ, ಲ್ಯಾನ್ಸರ್. ಅದರಲ್ಲೂ ತಗಡಿನ ರಿಮ್ ಇದ್ದರೆ ಈ ತಲೆನೋವು ಇರುವುದು ಕಮ್ಮಿ. ಆದರೆ ನಟ್ಟಿನಲ್ಲೂ ಲಾಕ್ ಬರುತ್ತದೆ. ಅಮೆರಿಕದಿಂದ ಹಡಗಿನಲ್ಲಿ ಬಂದ ಹಳೇ ಆಲ್ಟಿಮಾ, ಕ್ಯಾಮ್ರಿ, ಲೆಕ್ಸಸ್ ತೆಗೆದುಕೊಳ್ಳುವವರು ನಾಲ್ಕೂ ವೀಲು ಒಮ್ಮೆ ನೋಡಿಕೊಳ್ಳಿ. ನೋಡುವುದು ಕಷ್ಟ ಇಲ್ಲ. ಬೋಲ್ಟುಗಳಿಗೆ ಪ್ಲಾಸ್ಟಿಕ್ ಟೋಪಿ ಇದ್ದರೆ ಅದನ್ನು ಎಳೆದು ತೆಗೆಯಿರಿ, ಐದರಲ್ಲಿ ಒಂದರ ಟೋಪಿಯೇ ಬೇರೆ ಆಕಾರ ಇದ್ದರೆ ಅದರಡಿ ಲಾಕ್ ಇದೆ ಅಂತ ಲೆಕ್ಕ.

ಹುಡುಗನ ಕತೆ ಮುಂದೆ ಇದೆ. ರಾತ್ರಿ ರಿಕವರಿಯವನು ಗಾಡಿ ತಂದು ಒಂದು ಟೈರ್ ಅಂಗಡಿ ಮುಂದೆ ಇಳಿಸಿದ. ಅಂಗಡಿಯವನ ಹತ್ತಿರ ಡಬ್ಬಿ ತುಂಬ ಬೇರೆ ಬೇರೆ ಗಾಡಿಗಳ ಹಳೇ ಕೀಗಳು. ಹೆಚ್ಚು ಕಮ್ಮಿ ಕೂರುವ ಒಂದನ್ನು ಆರಿಸಿ, ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟು, ಗಾಳಿಯ ಗನ್ ಇಟ್ಟು ಒತ್ತಿದ್ದಾನೆ. ಗರ್ರ್ ಅಂತ ಒಂದು ಸೆಕೆಂಡು. ಬೋಲ್ಟ್ ತಿರುಗಲಿಲ್ಲ, ಹೂವಿನ ಎಸಳೆಲ್ಲ ಹಾರಿ ಒಳಗೆ ನುಣ್ಣಗೆ ಬಟ್ಟಲಾಯಿತು. "ಇನ್ನು ಮೂರು ವೀಲಿದೂ ಹೀಗೇ ತೆಗೆದು ಬಿಡುತ್ತೇನೆ, ಒಟ್ಟಿಗೆ ಮುಗಿಯುತ್ತದೆ" ಅಂದನಂತೆ. ಪುಣ್ಯಕ್ಕೆ ಹುಡುಗ ಆಗ ಮತ್ತೆ ಫೋನ್ ಮಾಡಿದ. ಮುಟ್ಟಲು ಬಿಡಬೇಡ, ಗಾಡಿ ಅಲ್ಲೇ ಇರಲಿ, ಬೆಳಿಗ್ಗೆ ಬರುತ್ತೇನೆ ಅಂದೆ.

ಆ ಅಂಗಡಿಯವನನ್ನು ಬೈಯುವ ಮೊದಲು ನನ್ನದನ್ನೂ ಹೇಳಬೇಕು. ನಾನು ಹೆಲ್ಪರ್ ಆಗಿ ಬಂದ ಹೊಸತರಲ್ಲಿ ಇದೇ ತಪ್ಪು ಮಾಡಿದ್ದೇನೆ. ಗಿರಾಕಿಯ ಕೀ ಸರಿಯಾಗಿಯೇ ಇತ್ತು, ಗೀರಿನೊಳಗೆ ಮರಳು ಕೂತಿತ್ತು, ಒರೆಸಲಿಲ್ಲ. ಕೀ ಅರ್ಧ ಮಾತ್ರ ಒಳಗೆ ಹೋಗಿತ್ತು. ಅದರ ಮೇಲೆ ಗನ್ ಹಿಡಿದೆ. ಕೀ ಎರಡು ತುಂಡು. ಹೊಸ ಕೀಯ ದುಡ್ಡು ಸಂಬಳದಲ್ಲಿ ಹಿಡಿದರು, ಅದು ನ್ಯಾಯವೇ. ಈ ಕೀ ಮಾಡಿರುವುದು ಕೈಯಲ್ಲಿ ತಿರುಗಿಸಲಿಕ್ಕೆ. ಗನ್ನಿನ ಏಟು ತಡೆಯುವ ಹಾಗೆ ಅದನ್ನು ಮಾಡಿಲ್ಲ. ತಯಾರಿಸುವ ಕಂಪನಿಗಳೇ ಗನ್ ಹಿಡಿಯಬೇಡಿ ಅನ್ನುತ್ತವೆ. ಟೈರ್ ಅಂಗಡಿಯಲ್ಲಿ ನಿಂತು "ಭಾಯ್, ಇದೊಂದು ಕೈಯಲ್ಲಿ" ಅಂತ ಹೇಳಲು ನಾಚಿಕೆ ಪಡಬೇಡಿ. ಗಡಿಬಿಡಿಯಲ್ಲಿ ಇರುವ ಅವನಿಗೆ ಐದೂ ಒಂದೇ.

ಕೀ ಇದ್ದವರು ಹೀಗೆ ಮಾಡಿ. ಬೋಲ್ಟಿನ ಗೀರನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕ್ಲೀನ್ ಮಾಡಿ, ಇಲ್ಲಿಯ ಧೂಳು ಗಟ್ಟಿ ಸಿಮೆಂಟಿನ ಹಾಗೆ ಕೂರುತ್ತದೆ. ಕೀ ಪೂರ್ತಿ ಒಳಗೆ ಕೂತಿದೆಯೋ ನೋಡಿ, ಬೇಕಾದರೆ ಅಂಗೈಯಲ್ಲಿ ತಟ್ಟಿ. ಪಾನಾ ನೇರ ಇರಲಿ, ಓರೆಯಾದರೆ ಕೀ ಜಾರುತ್ತದೆ. ಇನ್ನೊಂದು ಮುಖ್ಯ ವಿಷಯ: ಲಾಕ್ ಬೋಲ್ಟನ್ನು ಮೊದಲು ಸಡಿಲ ಮಾಡಿ, ಉಳಿದ ನಾಲ್ಕು ಬಿಗಿಯಾಗಿ ಇರುವಾಗಲೇ. ಹುಡುಗ ಮಾಡಿದ ಹಾಗೆ ಉಳಿದೆಲ್ಲ ತೆಗೆದು ಅದೊಂದನ್ನೇ ಕೊನೆಗೆ ಇಟ್ಟರೆ ರಿಮ್ಮಿನ ಒತ್ತಡವೆಲ್ಲ ಅದರ ಮೇಲೇ ಬೀಳುತ್ತದೆ, ಇನ್ನಷ್ಟು ಬಿಗಿ ಹಿಡಿಯುತ್ತದೆ. ಹಾಕುವಾಗ ಉಲ್ಟಾ, ಲಾಕ್ ಕೊನೆಗೆ.

ಎಷ್ಟು ಬಿಗಿ? ಆ ಪಸಾಟಿಗೆ 120 ನ್ಯೂಟನ್ ಮೀಟರ್. ಹೆಚ್ಚಿನ ಕೊರೊಲ್ಲಾ, ಕ್ಯಾಮ್ರಿಗೆ 103. ನಿಮ್ಮ ಗಾಡಿಯದ್ದು ಗಾಡಿಯ ಪುಸ್ತಕದಲ್ಲಿ ಇರುತ್ತದೆ. ನ್ಯೂಟನ್ ಮೀಟರ್ ಅಂದರೆ ಏನು ಅಂತ ಕೇಳುವವರಿಗೆ ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ. ಅರ್ಧ ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಸುಮಾರು 24 ಕಿಲೋ ಭಾರ ತೂಗಿದರೆ 120 ಆಯಿತು. ಅಂದರೆ ಒಂದು ಅಕ್ಕಿ ಚೀಲದಷ್ಟು. ಅದೇ ಹಿಡಿಯ ಮೇಲೆ 70 ಕಿಲೋದ ಮನುಷ್ಯ ಹತ್ತಿ ನಿಂತರೆ 340 ದಾಟುತ್ತದೆ, ಹೆಚ್ಚು ಕಮ್ಮಿ ಮೂರು ಪಟ್ಟು. ಬಿಗಿಯಾಗಲಿ ಅಂತ ಪಾನಾ ಮೇಲೆ ಹತ್ತಿ ಕುಣಿಯುವವರನ್ನು ನಾನು ದಿನಾ ನೋಡುತ್ತೇನೆ. ಗನ್ ಅದಕ್ಕಿಂತ ಕೆಟ್ಟದ್ದು, ಎಷ್ಟು ಬಿಗಿಯಾಯಿತು ಅಂತ ಹಿಡಿದವನಿಗೂ ಗೊತ್ತಾಗುವುದಿಲ್ಲ. ಹಾಗೆ ಬಿಗಿದ ಲಾಕ್ ಬೋಲ್ಟ್ ಮುಂದಿನ ಸಲ ಕೀಯನ್ನು ತಿಂದು ಹಾಕುತ್ತದೆ. ಟಾರ್ಕ್ ರೆಂಚ್ ಇರುವ ಅಂಗಡಿಗೇ ಹೋಗಿ. ವೀಲು ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಿಗಿ ನೋಡಿಸಿ.

ಆ ರಾತ್ರಿಯೇ ಹುಡುಗ ಕಾರ್ಕಳಕ್ಕೆ ಮೆಸೇಜ್ ಹಾಕಿದ. ವಾಟ್ಸಾಪ್ ಕಾಲ್ ಇಲ್ಲಿಂದ ಹೋಗುವುದಿಲ್ಲ, ನಿಮಗೆ ಗೊತ್ತೇ ಇದೆ, ಅದಕ್ಕೆ ವಾಯ್ಸ್. ಬೆಳಿಗ್ಗೆ ಉತ್ತರ ಬಂತು. ನನಗೂ ಕೇಳಿಸಿದ. "ಹೌದಾ ತಮ್ಮ, ಗಾಡಿ ಕೊಡುವಾಗ ಡ್ಯಾಶ್‌ಬೋರ್ಡಿನಲ್ಲಿ ಇದ್ದದ್ದೆಲ್ಲ ಒಂದು ಚೀಲಕ್ಕೆ ಹಾಕಿ ತಂದಿದ್ದೆ. ಇದು ಏನಂತಲೇ ನನಗೆ ಗೊತ್ತಿರಲಿಲ್ಲ ಮಾರಾಯ. ನಳ್ಳಿದು ಏನೋ ಅಂತ ನಿಡೋ ಡಬ್ಬಿಯಲ್ಲಿ ಇಟ್ಟಿದ್ದಾಳೆ ಇವಳು." ಹಿಂದಿನಿಂದ ಅತ್ತಿಗೆಯ ಸ್ವರವೂ ಕೇಳುತ್ತದೆ, ನನ್ನನ್ನು ಯಾಕೆ ಹೇಳ್ತೀರಿ ಅಂತ. ಕೆಳಗೆ ಒಂದು ಫೋಟೋ. ನಿಡೋ ಡಬ್ಬಿಯ ಮುಚ್ಚಳದ ಮೇಲೆ, ಮೊಳೆ, ಸೇಫ್ಟಿ ಪಿನ್ನು, ಹಳೇ ಸಿಮ್ ಕಾರ್ಡುಗಳ ನಡುವೆ ನಮ್ಮ ಕೀ.

ಎಷ್ಟು ವರ್ಷ ಆ ಅಣ್ಣ ಆ ಗಾಡಿ ಓಡಿಸಿದರೋ, ಕೀ ಯಾವುದು ಅಂತ ಅವರಿಗೂ ಗೊತ್ತಿರಲಿಲ್ಲ. ತಪ್ಪು ಅವರದ್ದು ಅಂತ ನಾನು ಹೇಳುವುದಿಲ್ಲ. ನಮ್ಮವರ ನಡುವೆ ಗಾಡಿ ಕೈಬದಲಾಗುವುದೇ ಎಕ್ಸಿಟ್‌ನ ಗಡಿಬಿಡಿಯಲ್ಲಿ. ವೀಸಾ ಕ್ಯಾನ್ಸಲ್, ಲೆಕ್ಕಾಚಾರ, ಕಾರ್ಗೋ, ತೂಕ. ಆ ನಡುವೆ ಇಷ್ಟುದ್ದದ ಉಕ್ಕಿನ ತುಂಡು ಯಾರಿಗೆ ನೆನಪಿರುತ್ತದೆ?

ಆದರೆ ಫೋಟೋ ಬಂದದ್ದೇ ಸಾಕಾಯಿತು. ಕೀಯ ಮೇಲೆ ಸಣ್ಣದಾಗಿ ಒಂದು ಕೋಡ್ ಕೊರೆದಿರುತ್ತದೆ. ಬೆಳಕಿಗೆ ಹಿಡಿದು ಇನ್ನೊಂದು ಫೋಟೋ ಕಳಿಸಿ ಅಂದೆವು, ಓದಲಿಕ್ಕೆ ಬಂತು. ಆ ಕೋಡ್ ಇದ್ದರೆ ಅದೇ ನಮೂನೆಯ ಹೊಸ ಕೀ ತರಿಸಬಹುದು. ಮುಲ್ಕಿಯಾ ಮತ್ತು ಕೋಡ್ ಹಿಡಿದು ಕಂಪನಿಯ ಸ್ಪೇರ್ ಪಾರ್ಟ್ಸ್ ಕೌಂಟರಿಗೆ ಹೋಗಬೇಕು. ಹೊಸದಾಗಿ ಬಂದವರಿಗೆ ಹೇಳುತ್ತೇನೆ, ಮುಲ್ಕಿಯಾ ಅಂದರೆ ಗಾಡಿಯ ಆರ್‌ಸಿ, ನಮ್ಮ ಮೂಲ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಮೆಕ್‌ಗಾರ್ಡ್ ಅಂತ ಅಮೆರಿಕದ ಕಂಪನಿಯ ಲಾಕ್ ಇದ್ದರೂ ಹೀಗೇ, ಕೀಯ ಮೇಲೆ ಕೋಡ್, ಹೊಸ ಸೆಟ್ಟಿನ ಜೊತೆ ಬರುವ ಕಾರ್ಡಿನಲ್ಲೂ ಅದೇ ಕೋಡ್. ಹಾಗಾಗಿ ಇವತ್ತು ಈ ಕಾಲಂ ಓದಿ ಮುಗಿಸಿದ ಮೇಲೆ ಕೆಳಗೆ ಹೋಗಿ ನಿಮ್ಮ ಕೀ ಹುಡುಕಿ, ಕೋಡ್ ಕಾಣುವ ಹಾಗೆ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುಲ್ಕಿಯಾ ಫೋಟೋ ಇಟ್ಟುಕೊಂಡಿದ್ದೀರಲ್ಲ, ಅದರ ಪಕ್ಕದಲ್ಲೇ.

ಎಲ್ಲಿ ಹುಡುಕಬೇಕು? ಸ್ಟೆಪ್ನಿಯ ಸುತ್ತ ಟೂಲ್ಸ್ ಇಡುವ ಥರ್ಮೊಕೋಲಿನ ಖಾನೆಯಲ್ಲಿ ಗುಂಡಗೆ ಒಂದು ಸಣ್ಣ ಗುಳಿ ಇರುತ್ತದೆ, ಅದರ ಮನೆ ಅದೇ. ಇಲ್ಲದಿದ್ದರೆ ಡ್ಯಾಶ್‌ಬೋರ್ಡ್, ಎರಡು ಸೀಟಿನ ನಡುವಿನ ಡಬ್ಬಿ, ಬಾಗಿಲಿನ ಜೇಬು, ಆ್ಯಶ್‌ಟ್ರೇ. ಎಲ್ಲೂ ಇಲ್ಲದಿದ್ದರೆ ಕೊನೆಗೆ ಟೈರ್ ಹಾಕಿಸಿದ ಅಂಗಡಿಗೆ ಹೋಗಿ ಕೇಳಿ. ಅವರ ಪಾನಾ ತುದಿಯಲ್ಲೇ ಉಳಿದಿರುತ್ತದೆ, ಆ ಡಬ್ಬಿ ತುಂಬ ಕೀ ಬಂದದ್ದು ಹಾಗೆಯೇ. ಒಬ್ಬರ ಗಾಡಿಯಲ್ಲಿ ಕೀ ಬೋಲ್ಟಿನ ಮೇಲೆಯೇ ಇತ್ತು, ವೀಲ್ ಕಪ್ಪಿನ ಹಿಂದೆ, ಎಷ್ಟು ತಿಂಗಳಿಂದಲೋ.

ಹಾಳಾದ ಆ ಒಂದು ಬೋಲ್ಟನ್ನು ನಾವು ತೆಗೆದದ್ದು ಬೇರೆ ದಾರಿಯಲ್ಲಿ. ಒಳಗೆ ಉಲ್ಟಾ ಸುರುಳಿಯ ಹಲ್ಲು ಇರುವ ಒಂದು ಸಾಕೆಟ್ ಸಿಗುತ್ತದೆ. ಅದನ್ನು ಬೋಲ್ಟಿನ ತಲೆಯ ಹೊರಗೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಿ ಎಡಕ್ಕೆ ತಿರುಗಿಸಿದರೆ, ತಿರುಗಿಸಿದಷ್ಟೂ ಹಲ್ಲು ಒಳಗೆ ಕಚ್ಚುತ್ತದೆ. ಹುಡುಗ ಸಡಿಲ ಮಾಡಿದ್ದ ನಾಲ್ಕನ್ನು ಮೊದಲು ಮತ್ತೆ ಬಿಗಿ ಮಾಡಿದೆವು. ರಿಮ್ಮಿಗೆ ಗೀರು ಬೀಳದಿರಲಿ ಅಂತ ಗುಳಿಯ ಸುತ್ತ ಟೇಪ್ ಸುತ್ತಿದೆವು. ಉದ್ದ ಹಿಡಿ, ನಿಧಾನ, ಗನ್ ಇಲ್ಲ. ಟಕ್ ಅಂತ ಶಬ್ದ ಬಂದಾಗ ಏನೋ ತುಂಡಾಯಿತು ಅಂತ ಹುಡುಗ ಕಣ್ಣು ಮುಚ್ಚಿಕೊಂಡಿದ್ದ. ಅದು ಬೋಲ್ಟ್ ಬಿಟ್ಟ ಶಬ್ದ.

ಈ ಸಾಕೆಟ್ ಹಿಡಿಯದಿದ್ದರೆ ನಟ್ ವೆಲ್ಡ್ ಮಾಡಿ ತೆಗೆಯುತ್ತಾರೆ. ಕೆಲವು ಲಾಕ್ ಬೋಲ್ಟಿಗೆ ಹೊರಗೆ ಸುಮ್ಮನೆ ತಿರುಗುವ ಒಂದು ಬಳೆ ಇರುತ್ತದೆ, ಯಾರೂ ಸಾಕೆಟ್ ಹೊಡೆದು ಹಿಡಿಯಬಾರದು ಅಂತಲೇ. ಅದನ್ನು ಚಾಣ ಇಟ್ಟು ಒಡೆದು ತೆಗೆಯಬೇಕು. ಡ್ರಿಲ್ ಕೊನೆಯದು. ಡ್ರಿಲ್ ಸ್ವಲ್ಪ ಓರೆಯಾದರೂ ಹಬ್ಬಿನ ತ್ರೆಡ್ ಹೋಯಿತು, ಆಗ ಬೋಲ್ಟಿನ ಖರ್ಚಲ್ಲ, ಹಬ್ಬಿನ ಖರ್ಚು. ಯಾರ ಹತ್ತಿರ ಮಾಡಿಸಿದರೂ ಹೇಗೆ ತೆಗೆಯುತ್ತೀರಿ, ಎಷ್ಟು ದುಡ್ಡು ಅಂತ ಮೊದಲೇ ಕೇಳಿ, ಅಲ್ಲೇ ನಿಂತುಕೊಳ್ಳಿ, ಚಹಾ ಕುಡಿಯಲು ಹೋಗಬೇಡಿ.

ಎರಡು ದಿನದ ಮೇಲೆ ಹೊಸ ಕೀ ಬಂತು. ಉಳಿದ ಮೂರು ಲಾಕ್ ಬೆಣ್ಣೆಯ ಹಾಗೆ ಬಿಚ್ಚಿದವು. ಕೋಡ್ ಸಿಗುವ ಮೊದಲೇ ಆ ಮೂರನ್ನೂ ಗನ್ನಿಗೆ ಕೊಟ್ಟಿದ್ದರೆ ಈ ಸಾಕೆಟ್ ಸರ್ಕಸ್ ಇನ್ನು ಮೂರು ಸಲ ಆಗುತ್ತಿತ್ತು.

ಆಮೇಲೆ ಹುಡುಗ ಕೇಳಿದ, ಮತ್ತೆ ಲಾಕ್ ಹಾಕಬೇಕಾ ಅಣ್ಣ ಅಂತ. ಬೇಡ ಅಂದೆ. ಇದು ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು. ಹೊಸ ಗಾಡಿ, ದೊಡ್ಡ ರಿಮ್ ಇದ್ದವರು ಲಾಕ್ ಇಟ್ಟುಕೊಳ್ಳಲಿ. ಹದಿನೈದು ವರ್ಷದ ಹಳೇ ಗಾಡಿಯ ಗೀರು ಬಿದ್ದ ರಿಮ್ಮಿಗೆ ಕಳ್ಳನ ಭಯಕ್ಕಿಂತ ಪಂಚರಿನ ಭಯ ದೊಡ್ಡದು. ನಾಲ್ಕು ಮಾಮೂಲಿ ಬೋಲ್ಟ್ ಹಾಕಿಬಿಟ್ಟರೆ ಚಿಂತೆ ಮುಗಿಯಿತು.

ಆದರೆ ಬೋಲ್ಟ್ ತರುವಾಗ ಒಂದು ಜಾಗ್ರತೆ. ನಿಜ ಹೇಳಬೇಕೆಂದರೆ ಇದು ಕೀಗಿಂತ ದೊಡ್ಡ ವಿಷಯ. ಬೋಲ್ಟ್ ರಿಮ್ಮಿಗೆ ಕೂರುವ ಜಾಗ ಎಲ್ಲ ಗಾಡಿಯಲ್ಲಿ ಒಂದೇ ಅಲ್ಲ. ಫೋಕ್ಸ್‌ವ್ಯಾಗನ್, ಆಡಿಯದ್ದು ಚೆಂಡಿನ ಹಾಗೆ ದುಂಡಗೆ. ಬಿಎಂಡಬ್ಲ್ಯುದು ಲಾಳಿಕೆಯ ಹಾಗೆ ಓರೆ. ಟೊಯೊಟಾದ ಎಷ್ಟೋ ಅಲಾಯ್ ರಿಮ್ಮಿಗೆ ಚಪ್ಪಟೆ ವಾಷರ್ ಇರುವ ನಟ್. ದುಂಡಗಿನ ಗುಳಿಗೆ ಓರೆ ಬೋಲ್ಟ್ ಹಾಕಿದರೂ ತ್ರೆಡ್ ಹಿಡಿಯುತ್ತದೆ, ಬಿಗಿಯೂ ಆಗುತ್ತದೆ, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಅದು ರಿಮ್ಮಿಗೆ ತಾಗಿರುವುದು ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ. ಓಡುತ್ತಾ ಓಡುತ್ತಾ ಸಡಿಲ ಆಗುತ್ತದೆ. ಉದ್ದವೂ ಸರಿ ಇರಬೇಕು, ಉದ್ದ ಜಾಸ್ತಿಯಾದರೆ ಒಳಗೆ ಬ್ರೇಕಿನ ಭಾಗಕ್ಕೆ ತಾಗಬಹುದು, ಕಮ್ಮಿಯಾದರೆ ತ್ರೆಡ್ ಸಾಕಷ್ಟು ಹಿಡಿಯುವುದಿಲ್ಲ. ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದ ಹಳೇ ಸ್ಪೇರ್ ಅಂಗಡಿಗೆ ಹೋಗುವಾಗ ನಿಮ್ಮ ಗಾಡಿಯ ಒಂದು ಬೋಲ್ಟ್ ಬಿಚ್ಚಿ ಜೇಬಿನಲ್ಲಿ ತೆಗೆದುಕೊಂಡು ಹೋಗಿ, ಪಕ್ಕದಲ್ಲಿ ಇಟ್ಟು ನೋಡಿ ತನ್ನಿ. ಬಿಚ್ಚಿದ ವೀಲಿನೊಂದಿಗೆ ಗಾಡಿ ಓಡಿಸಿಕೊಂಡು ಹೋಗಬೇಡಿ, ಇನ್ನೊಬ್ಬರ ಗಾಡಿಯಲ್ಲಿ ಹೋಗಿ. ರಸ್ತೆಯಲ್ಲಿ ಗಾಡಿ ಓಡುವಾಗ ಸ್ಟೇರಿಂಗ್ ನಡುಗಿದರೆ, ವೀಲಿನ ಕಡೆಯಿಂದ ಕಟಕಟ ಅಂದರೆ, ಆಮೇಲೆ ನೋಡೋಣ ಅನ್ನಬೇಡಿ, ಸುರಕ್ಷಿತ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ.

ಸಂದರ್ಭ ಬಂತು ಅಂತ ಇದೂ ಹೇಳುತ್ತೇನೆ: ಫೋರ್ಡ್ ಮತ್ತು ಕೆಲವು ಅಮೆರಿಕನ್ ಗಾಡಿಗಳ ನಟ್ಟಿಗೆ ಮೇಲೆ ಹೊಳಪಿನ ತಗಡಿನ ಟೋಪಿ ಇರುತ್ತದೆ. ಒಳಗೆ ತುಕ್ಕು ಹಿಡಿದು ಟೋಪಿ ಉಬ್ಬಿದರೆ ಗಾಡಿಯ ಪಾನಾ ಅದಕ್ಕೆ ಕೂರುವುದಿಲ್ಲ. ಲಾಕ್ ಇಲ್ಲದೆಯೂ ಲಾಕ್. ಅದಕ್ಕೂ ಪರಿಹಾರ ನಟ್ ಬದಲಾಯಿಸುವುದೇ.

ಹಳೇ ಗಾಡಿ ತೆಗೆದುಕೊಳ್ಳುವವರು ದುಬೈ ಅವೀರ್ ಮಾರ್ಕೆಟಿನಲ್ಲಿ ಆಗಲಿ, ರೂಮಿನವನಿಂದಲೇ ಆಗಲಿ, ತಸ್ಜೀಲ್‌ನಲ್ಲಿ ಹೆಸರು ಬದಲಾಯಿಸುವ ಮೊದಲು ಕೀ ಕೇಳಿ. ಅಬುಧಾಬಿಯವರು ಅಡ್ನಾಕ್ ಇನ್‌ಸ್ಪೆಕ್ಷನ್‌ಗೆ ಹೋಗುವ ಮೊದಲು. ಎಂಜಿನ್ ಶಬ್ದ ಕೇಳುತ್ತೀರಿ, ಎಸಿ ಹಾಕಿ ನೋಡುತ್ತೀರಿ, ಹತ್ತು ನಿಮಿಷ ಜಾಸ್ತಿ ತೆಗೆದುಕೊಂಡು ನಾಲ್ಕೂ ವೀಲಿನ ಲಾಕ್ ಒಂದೊಂದು ಸುತ್ತು ಸಡಿಲ ಮಾಡಿ ಮತ್ತೆ ಬಿಗಿ ಮಾಡಿಸಿ. ಕೀ ಇದ್ದರೆ ಸಾಲದು, ಅದೇ ಗಾಡಿಯ ಕೀ ಹೌದೋ ಅಂತಲೂ ಆಗ ಗೊತ್ತಾಗುತ್ತದೆ. ಕೀ ಇಲ್ಲ ಅಂದರೆ ಗಾಡಿ ಬಿಡಬೇಕಿಲ್ಲ, ಬೋಲ್ಟ್ ತೆಗೆಸುವ ಖರ್ಚು ರೇಟಿನಲ್ಲಿ ಇಳಿಸಿಕೊಳ್ಳಿ.

ಟೈರ್ ಇನ್ನೂ ಹೊಸತು, ವೀಲು ಬಿಚ್ಚುವ ಪ್ರಸಂಗವೇ ಬರುವುದಿಲ್ಲ ಅನ್ನುವವರಿಗೆ ಒಂದು ಮಾತು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರ. ಐದು ವರ್ಷ ದಾಟಿದ ಟೈರ್ ಎಷ್ಟು ಚೆನ್ನಾಗಿ ಕಂಡರೂ ಇಲ್ಲಿ ಪಾಸಿಂಗ್ ಆಗುವುದಿಲ್ಲ. ಅವಧಿ ಮುಗಿದ ಟೈರಿನಲ್ಲಿ ಓಡಿಸಿ ಸಿಕ್ಕಿಬಿದ್ದರೆ 2017ರಲ್ಲಿ ಬಂದ ನಿಯಮದಲ್ಲಿ 500 ದಿರ್ಹಮ್ ದಂಡ, 4 ಬ್ಲ್ಯಾಕ್ ಪಾಯಿಂಟ್, ಒಂದು ವಾರ ಗಾಡಿ ಜಪ್ತಿ. ಹಾಗಾಗಿ ಪಂಚರ್ ಆಗದಿದ್ದರೂ ಮುಲ್ಕಿಯಾ ಮುಗಿಯುವ ಹಿಂದಿನ ದಿನ, ಟೈರ್ ಅಂಗಡಿಯಲ್ಲಿ, ಆ ಕೀಯ ನೆನಪು ನಿಮಗೆ ಬಂದೇ ಬರುತ್ತದೆ.

ಎಕ್ಸಿಟ್ ಹೋಗುವವರು ಡ್ಯಾಶ್‌ಬೋರ್ಡಿನ ಚೀಲವನ್ನು ಒಮ್ಮೆ ಬಿಚ್ಚಿ ನೋಡಿ. ಈಗಾಗಲೇ ಹೋದವರಿಗೆ ಈ ಪುಟದ ಫೋಟೋ ಕಳಿಸಿ, ಮನೆಯ ನಿಡೋ ಡಬ್ಬಿ ನೋಡಲು ಹೇಳಿ.

ಹುಡುಗನ ರೂಮ್‌ಮೇಟ್ ಮೊನ್ನೆ ರಜೆ ಮುಗಿಸಿ ವಾಪಸ್ ಬಂದ. ಕಾರ್ಕಳದವರು ಬೈಂದೂರಿನ ತನಕ ಬಸ್ಸಿನಲ್ಲಿ ಕಳಿಸಿ, ಹಲಸಿನ ಹಪ್ಪಳದ ಕಟ್ಟಿನೊಳಗೆ ಸುತ್ತಿ, ಆ ಹಳೇ ಕೀಯನ್ನು ಅವನ ಕೈಯಲ್ಲಿ ಮುಟ್ಟಿಸಿದ್ದಾರೆ. ಹಪ್ಪಳದಲ್ಲಿ ನನಗೂ ಪಾಲು ಬಂತು. ಈಗ ಹುಡುಗನ ಹತ್ತಿರ ಎರಡು ಕೀ ಇವೆ, ಲಾಕ್ ಬೋಲ್ಟ್ ಒಂದೂ ಇಲ್ಲ.